ಹಾಲೋಗ್ರಾಂ ನಮ್ಮದೆನ್ನಲು ಪುರಾವೆ ಏನು?

ಕೆಲವು ವರ್ಷಗಳ ಹಿಂದೆ, ಅಗರಬತ್ತಿ ತಯಾರಕರಾದ ನಮ್ಮ ಕಕ್ಷಿದಾರರೊಬ್ಬರ ಲೆಕ್ಕಪತ್ರಗಳನ್ನು ಪರಿಶೀಲಿಸುತ್ತಿದ್ದಾಗ, ಹಾಲೋಗ್ರಾಂ ಮಾಸ್ಟರ್ ತಯಾರಿಕೆಯ ಬಿಲ್ಲೊಂದು ‘ಪ್ಯಾಕಿಂಗ್ ವೆಚ್ಚ’ದಲ್ಲಿ ಸೇರಿರುವುದು ಕಂಡುಬಂದಿತು. ವಿನ್ಯಾಸದ ಮೂಲ ಕಡತ ಎಲ್ಲಿದೆಯೆಂದು ವಿಚಾರಿಸಿದೆ. “ಮುದ್ರಕರ ಹತ್ತಿರವೇ ಇದೆ ಸಾರ್, ಹಳೆಯ ಪರಿಚಯ” ಎಂದರು. ಮರುವರ್ಷ ದರದ ವಿಷಯದಲ್ಲಿ ಮನಸ್ತಾಪವಾಯಿತು. ಮುದ್ರಕರು ಮಾಸ್ಟರನ್ನಾಗಲಿ ಕಡತವನ್ನಾಗಲಿ ಕೊಡಲಿಲ್ಲ. ಅಷ್ಟರಲ್ಲೇ ಅದೇ ಹೊಳೆಯುವ ಚೀಟಿ ಅಂಟಿಸಿದ ನಕಲಿ ಪೊಟ್ಟಣಗಳು ಮಾರುಕಟ್ಟೆಗೆ ಬಂದವು. ವಿನ್ಯಾಸ ತಮ್ಮದೆಂದು ತೋರಿಸಲು ಇವರ ಕೈಯಲ್ಲಿದ್ದುದು ಆ ಬಿಲ್ಲು ಮಾತ್ರ. ಅದರಲ್ಲಿಯೂ ಹಕ್ಕಿನ ಮಾತೇ ಇರಲಿಲ್ಲ.

ನಕಲನ್ನು ತಡೆಯಲೆಂದು ಹಾಲೋಗ್ರಾಂ ಹಾಕಿಸುತ್ತೇವೆ. ಹಾಲೋಗ್ರಾಮೇ ಕಳುವಾದರೆ?

ಹಾಲೋಗ್ರಫಿಯ ತತ್ತ್ವವನ್ನು 1948ರಲ್ಲಿ ಪ್ರಕಟಿಸಿದವರು ಡೆನ್ನಿಸ್ ಗೇಬರ್. ಅದಕ್ಕಾಗಿ 1971ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಬೆಳಕಿನ ಅಲೆಗಳು ಒಂದರೊಡನೊಂದು ಬೆರೆತು ಮೂಡಿಸುವ ಗೆರೆಗಳನ್ನು ದಾಖಲಿಸುವುದೇ ಆ ತತ್ತ್ವ. ಈಗ ಆ ಗೆರೆಗಳನ್ನು ಗಣಕಯಂತ್ರವೇ ಲೆಕ್ಕ ಹಾಕಿ ಅಂಕಿಗಳ ಕಡತವಾಗಿ ಕೊಡಬಲ್ಲುದು. ಕಡತವಾದ ಮೇಲೆ ಪೆನ್‌ಡ್ರೈವಿನಲ್ಲಿ ಕ್ಷಣಮಾತ್ರದಲ್ಲಿ ನಕಲಾಗುತ್ತದೆ. ಮೂಲಕ್ಕೂ ಪ್ರತಿಗೂ ಕೂದಲೆಳೆಯ ವ್ಯತ್ಯಾಸವಿರದು.

ನೋಟನ್ನು ಬೆಳಕಿಗೆ ಹಿಡಿದಾಗ ಕಾಣುವ ವಾಟರ್‌ಮಾರ್ಕನ್ನು ವ್ಯಾಪಾರಿಗಳಿಗೆ ಪರಿಚಯಿಸಬೇಕಾಗಿಲ್ಲ. ಡಿಜಿಟಲ್ ವಾಟರ್‌ಮಾರ್ಕ್ ಹಾಗೆ ಕಾಣುವಂಥದಲ್ಲ. ಕಡತದ ಅಂಕಿಗಳನ್ನು ಚಿತ್ರ ಕೆಡದಷ್ಟು ಅಲ್ಪವಾಗಿ ಏರಿಳಿಸಿ ಒಡೆಯನ ಗುರುತನ್ನು ಹುದುಗಿಸಲಾಗುತ್ತದೆ. ರಹಸ್ಯ ಕೀಲಿಸಂಖ್ಯೆಯುಳ್ಳವರು ಅದನ್ನು ಹೊರತೆಗೆದು ತೋರಿಸಬಹುದು. ಹಲವು ಬಗೆಯ ಹಾಲೋಗ್ರಾಂಗಳಲ್ಲಿ ಒಂದು ತುಣುಕಿನಿಂದಲೂ, ಸ್ಪಷ್ಟತೆ ಕುಂದಿದರೂ, ಇಡೀ ಚಿತ್ರ ಮೂಡುತ್ತದೆ. ಗುರುತನ್ನೂ ಹಾಗೆಯೇ ಕಡತದುದ್ದಕ್ಕೂ ಹರಡಿದ್ದರೆ, ಅಂಚು ಕತ್ತರಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಆದರೆ ಇದು ಕಡತದ ಕಾವಲು. ಚೀಟಿಯಿಂದಲೇ ಅಚ್ಚು ತೆಗೆಯುವವನನ್ನು ಇದು ತಡೆಯದು.

ಇನ್ನೊಂದು ತೊಡಕಿದೆ. ಕದ್ದವನು ನಮ್ಮ ಗುರುತಿನ ಮೇಲೆ ತನ್ನ ಗುರುತನ್ನೂ ಹಾಕಿಕೊಂಡರೆ, ಇಬ್ಬರೂ ಒಡೆಯರೆಂದು ವಾದಿಸಬಹುದು. ಆಗ ಮೊದಲು ಹಾಕಿದವರಾರು ಎಂಬುದೇ ಮುಖ್ಯವಾಗುವುದರಿಂದ ದಿನಾಂಕದ ದಾಖಲೆ ಬೇಕಾಗುತ್ತದೆ. ವಿನ್ಯಾಸವನ್ನು ಕಲಾಕೃತಿಯಾಗಿ ಕೃತಿಸ್ವಾಮ್ಯ ಕಚೇರಿಯಲ್ಲಿ ನೋಂದಾಯಿಸಿದರೆ ಆ ನೋಂದಣಿ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಕಡತದ ಹ್ಯಾಶ್ ಮೌಲ್ಯವನ್ನೂ ಅಂದೇ ದಾಖಲಿಸಿಡುವುದು ಲೇಸು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದ ನಮೂನೆಯಲ್ಲಿಯೂ ಹ್ಯಾಶ್ ಮೌಲ್ಯವನ್ನು ಕೇಳಲಾಗಿದೆ.

ತಂತ್ರಜ್ಞಾನಕ್ಕೆ ಹಣ ಸುರಿಯುವ ಮುನ್ನ ಖರೀದಿ ಆದೇಶವನ್ನು ಒಮ್ಮೆ ಓದಿರಿ. ಹಣ ಕೊಟ್ಟ ಮಾತ್ರಕ್ಕೆ ವಿನ್ಯಾಸ ತಮ್ಮದಾಯಿತೆಂದು ನಮ್ಮಲ್ಲಿ ಅನೇಕರ ಭಾವನೆ. 1957ರ ಕೃತಿಸ್ವಾಮ್ಯ ಅಧಿನಿಯಮದ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಡನೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದೇ ವರ್ಷವೆಂದು ಭಾವಿಸಲಾಗುತ್ತದೆ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಸೀಮಿತ. ರಫ್ತುದಾರರು ಈ ಎರಡನೆಯದನ್ನು ವಿಶೇಷವಾಗಿ ಗಮನಿಸಬೇಕು.

ನಮ್ಮ ಕಕ್ಷಿದಾರರು ಕೊನೆಗೆ ಹಳೆಯ ವಿನ್ಯಾಸವನ್ನೇ ಕೈಬಿಟ್ಟರು. ಹೊಸದರ ಖರೀದಿ ಆದೇಶದಲ್ಲಿ ಹಕ್ಕಿನ ವರ್ಗಾವಣೆ, ಪೂರ್ಣ ಅವಧಿ, ರಫ್ತು ದೇಶಗಳ ಹೆಸರು, ಮಾಸ್ಟರ್ ಹಾಗೂ ಕಡತವನ್ನು ಹಿಂದಿರುಗಿಸುವ ಷರತ್ತು ಸೇರಿವೆ. ವಾಟರ್‌ಮಾರ್ಕಿನ ಕೀಲಿಸಂಖ್ಯೆ ಮುದ್ರಕರ ಬಳಿಯಿಲ್ಲ. ಮೊಹರು ಮಾಡಿದ ಲಕೋಟೆಯಲ್ಲಿ ಬ್ಯಾಂಕಿನ ಲಾಕರಿನಲ್ಲಿದೆ.