ಮರಳಿನ ಹಗೇವಿನಲ್ಲಿ ಹುಟ್ಟುವ ಗಂಡು, ಹೆಣ್ಣು

ಬಳ್ಳಾರಿಯ ಸತ್ಯನಾರಾಯಣಪೇಟೆಯ ಓದುಗರೊಬ್ಬರ ಪ್ರಶ್ನೆ ಇದು: ‘ಡಿಗ್ರಿ ಓದುವ ಮಗಳು ರಜೆಯಲ್ಲಿ ಕಡಲಾಮೆ ರಕ್ಷಣಾ ಕೇಂದ್ರಕ್ಕೆ ಸ್ವಯಂಸೇವಕಿಯಾಗಿ ಹೋಗುತ್ತೇನೆ ಅನ್ನುತ್ತಾಳೆ. ಆಮೆ ತಾನೇ ಮೊಟ್ಟೆಯಿಟ್ಟು ಮರಳು ಮುಚ್ಚಿ ಹೋದಮೇಲೆ ಇವರು ಅದನ್ನು ಅಗೆದು ಬೇರೆ ಕಡೆ ಹೂಳುವುದೇಕೆ? ಇದರಿಂದ ಆಮೆಗೆ ಉಪಕಾರವೋ, ಅಪಕಾರವೋ?’

ಎರಡೂ ಆಗಬಹುದು. ಯಾವುದಾಗುತ್ತದೆ ಎನ್ನುವುದು ಹೂಳುವವರ ತಿಳಿವಳಿಕೆಯ ಮೇಲೆ ನಿಂತಿದೆ.

ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲೆ ಆಮೆ. ನವೆಂಬರಿನಿಂದ ಮಾರ್ಚ್‌ವರೆಗಿನ ರಾತ್ರಿಗಳಲ್ಲಿ ಹೊನ್ನಾವರದ ಕಾಸರಕೋಡು ಟೊಂಕ, ಕುಂದಾಪುರದ ಕೋಡಿಯಂಥ ಕಡೆ ದಡ ಹತ್ತುತ್ತದೆ. ಕುಂದಾಪುರದಲ್ಲಿ ಎಫ್‌ಎಸ್‌ಎಲ್ ಇಂಡಿಯಾ ಸಂಸ್ಥೆ ಮೀನುಗಾರರನ್ನು ಜೊತೆಗಿಟ್ಟುಕೊಂಡು ಗೂಡು ಕಾಯುವ ಕೆಲಸ ಮಾಡಿದೆ. ಕಾಸರಗೋಡು ಜಿಲ್ಲೆಯ ನೀಲೇಶ್ವರದ ಬಳಿ ‘ನೆಯ್ದಲ್’ ಬಳಗವಿದೆ. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ ತೀರಗಳಲ್ಲೂ ಗೂಡುಗಳು ಸಿಕ್ಕಿ, ಅರಣ್ಯ ಇಲಾಖೆ ಕಾವಲು ಹಾಕಿತು. ನಾಯಿ, ನರಿ, ಉಬ್ಬರದ ನೀರು, ಕಡಲ್ಕೊರೆತ, ಮನುಷ್ಯ ಇಷ್ಟೂ ಗೂಡಿಗೆ ಅಪಾಯವೇ. ಜಾಗ ಸುರಕ್ಷಿತವಾಗಿದ್ದರೆ ಇದ್ದಲ್ಲೇ ಬಲೆ ಕಟ್ಟಿ ಕಾಯುತ್ತಾರೆ. ಇಲ್ಲದಿದ್ದರೆ ಮಾತ್ರ ಬೇಲಿ ಹಾಕಿದ ಮರಿಮನೆಗೆ ಸಾಗಿಸಬೇಕು.

ಬಳ್ಳಾರಿ ಸೀಮೆಯವರಿಗೆ ಆಮೆಯ ಗೂಡನ್ನು ತಿಳಿಸುವುದು ಸುಲಭ. ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆಸಿಕೊಳ್ಳಿ: ಬಾಯಿ ಕಿರಿದು, ಹೊಟ್ಟೆ ಅಗಲ. ರಿಡ್ಲೆ ಹಿಂಗಾಲುಗಳಿಂದಲೇ ಮರಳು ಮೊಗೆಮೊಗೆದು ಸುಮಾರು ಒಂದೂವರೆ ಅಡಿ ಆಳದ ಇಂಥದ್ದೇ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಡುತ್ತದೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಉರಿಯುವ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಮುಚ್ಚಿಟ್ಟ ಕಾಳೂ ಉಸಿರಾಡುತ್ತದೆ. ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಕಾಳು ಹಸಿಯಿದ್ದರೆ ಕಾವೂ ಏರುತ್ತದೆ. ಆಮೆಯ ಗೂಡಿನಲ್ಲೂ ನೂರು ಜೀವ ಒಟ್ಟಿಗೆ ಉಸಿರಾಡುತ್ತವೆ, ಮರಿ ಬಲಿತಂತೆ ಗೂಡು ತಾನಾಗಿ ಬಿಸಿಯೇರುತ್ತದೆ. ಹಗೇವು ಗಾಳಿ ಒಳಬಿಡದಂತೆ ಕಟ್ಟಿದ್ದು. ಆಮೆಯ ಗೂಡು ಮರಳಿನ ಸಂದುಗಳ ಮೂಲಕ ಗಾಳಿಯನ್ನು ಒಳಗೆಳೆದುಕೊಳ್ಳಬೇಕು. ಹೀಗಾಗಿ ಮರಿಮನೆಯಲ್ಲಿ ಸ್ವಯಂಸೇವಕರು ತೋಡುವ ಗುಂಡಿಗೂ ಅದೇ ಆಕಾರ, ಅದೇ ಆಳ ಬೇಕು. ಆಳ ಕಡಿಮೆಯಾದರೆ ಬಿಸಿಲಿನ ಕಾವು ತಟ್ಟುತ್ತದೆ. ಗೂಡುಗಳು ಒತ್ತೊತ್ತಾದರೆ ಒಂದರ ಶಾಖ ಇನ್ನೊಂದಕ್ಕೆ ತಾಕುತ್ತದೆ.

ಸಾಗಿಸುವುದಕ್ಕೂ ಹೊತ್ತು ಗೊತ್ತಿದೆ. ಕೋಳಿ ತನ್ನ ಮೊಟ್ಟೆಯನ್ನು ದಿನವೂ ಹೊರಳಿಸುತ್ತದೆ, ಆಮೆಯ ಮೊಟ್ಟೆಯನ್ನು ಹೊರಳಿಸಿದರೆ ಭ್ರೂಣವೇ ಸಾಯುತ್ತದೆ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಆಸ್ಟ್ರೇಲಿಯಾದ ಕಾಲಿನ್ ಲಿಂಪಸ್ ಮತ್ತು ಸಂಗಡಿಗರು 1979ರಲ್ಲಿ ಇದನ್ನು ತೋರಿಸಿದರು. ಬೆಳಗಾದ ಮೇಲೆ ಯಾರೋ ಚೀಲಕ್ಕೆ ಸುರಿದುಕೊಂಡು ತಂದ ಮೊಟ್ಟೆಗಳಲ್ಲಿ ಮರಿ ಕಡಿಮೆಯಾಗುವುದು ಸಹಜ.

ಇನ್ನು ನನಗೆ ಬಹಳ ಪ್ರಿಯವಾದ ಕಥೆಗೆ ಬರುತ್ತೇನೆ. ಆಮೆಯ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಶಾಖ. 1966ರಲ್ಲಿ ಫ್ರೆಂಚ್ ವಿಜ್ಞಾನಿ ಮದಲೇನ್ ಶಾರ್ನಿಯೆ ಸೆನೆಗಲ್‌ನ ಡಾಕಾರ್‌ನಲ್ಲಿ ಓತಿಕ್ಯಾತದ ಮೊಟ್ಟೆಗಳ ಮೇಲೆ ಇಂಥದ್ದೊಂದು ಪರಿಣಾಮವನ್ನು ಮೊದಲು ಗುರುತಿಸಿದರು. ಕ್ಲಾಡ್ ಪಿಯೊ ಅದನ್ನು ಯುರೋಪಿನ ಆಮೆಗಳಲ್ಲಿ ಕಂಡರು. ನಿಕೊಲಸ್ ಮ್ರೊಸೊವ್‌ಸ್ಕಿ ಜೊತೆಗಾರರೊಂದಿಗೆ ಕಡಲಾಮೆಗಳಲ್ಲಿ ಬಿಡಿಸಿ ನೋಡಿದರು. 29 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಗಡಿಗಿಂತ ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು. ಕಾವಿನ 45ರಿಂದ 60 ದಿನಗಳಲ್ಲಿ ನಡುವಿನ ಮೂರನೆಯ ಒಂದು ಭಾಗವೇ ಇದನ್ನು ತೀರ್ಮಾನಿಸುತ್ತದೆ.

ಆಗ ಹಲವು ದೇಶಗಳ ಮರಿಮನೆಗಳು ಮೊಟ್ಟೆಗಳನ್ನು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಜೋಪಾನ ಮಾಡುತ್ತಿದ್ದವು. ಮರಿಗಳು ಚೆನ್ನಾಗಿ ಹೊರಬರುತ್ತಿದ್ದವು, ಎಲ್ಲರಿಗೂ ಸಂತೋಷ. ಆದರೆ ಪೆಟ್ಟಿಗೆಯ ಒಳಗೆ ಮರಳಿಗಿಂತ ತಂಪು. 1982ರಲ್ಲಿ ಮ್ರೊಸೊವ್‌ಸ್ಕಿ ಒಂದು ಕಡೆ, ಮೊರಿಯಲ್ ಮತ್ತು ಸಂಗಡಿಗರು ಇನ್ನೊಂದು ಕಡೆ ಎಚ್ಚರಿಸಿದರು: ಈ ಕಾಳಜಿ ಗಂಡುಗಳನ್ನೇ ಹೆಚ್ಚಿಸಿ ಸಂತತಿಯ ಸಮತೋಲ ಕೆಡಿಸಬಹುದು. ಎಷ್ಟು ಮರಿ ಬಿಟ್ಟೆವು ಎಂಬ ಲೆಕ್ಕವೊಂದೇ ಸಾಲದು ಎಂದು ಆಮೆ ರಕ್ಷಕರು ಕಲಿತದ್ದು ಅಲ್ಲಿಂದ. ಈಗ ಭೂಮಿ ಬಿಸಿಯಾಗಿ ತಕ್ಕಡಿ ಇನ್ನೊಂದು ಕಡೆ ವಾಲಿದೆ. 2018ರಲ್ಲಿ ಪ್ರಕಟವಾದ ಅಧ್ಯಯನದಂತೆ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರ ಭಾಗದ ಎಳೆಯ ಹಸಿರು ಕಡಲಾಮೆಗಳಲ್ಲಿ ಶೇ 99ಕ್ಕೂ ಹೆಚ್ಚು ಹೆಣ್ಣು.

ಹಾಗಾಗಿ ಮರಿ ಬಿಡುವ ಹೊತ್ತಿನ ಫೋಟೊ ಸಂಭ್ರಮ ನನಗೆ ಹಿಡಿಸುವುದಿಲ್ಲ. ಸ್ವಯಂಸೇವಕರ ಬೆಲೆಯುಳ್ಳ ಕೆಲಸ ಅದಕ್ಕೂ ಮುಂಚಿನದು: ರಾತ್ರಿ ದಡದಲ್ಲಿ ನಡೆಯುವುದು, ಗೂಡಿನ ಆಳ ಅಳೆಯುವುದು, ಉಷ್ಣಮಾಪಕ ನೋಡಿ ಬರೆದಿಡುವುದು, ಬೇಕಾದರೆ ನೆರಳು ಕಟ್ಟುವುದು. ಮರಳು ತಣಿದ ರಾತ್ರಿಯಲ್ಲೇ ಮರಿಗಳು ಮೇಲೆ ಬರುತ್ತವೆ, ಬೆಳಕು ಹೆಚ್ಚಿರುವ ದಿಕ್ಕಿಗೆ ಓಡುತ್ತವೆ. ಮೊಬೈಲಿನ ಟಾರ್ಚು ಅವನ್ನು ಕಡಲಿಗೆ ಬೆನ್ನು ತಿರುಗಿಸುವಂತೆ ಮಾಡುತ್ತದೆ.

ಮಗಳನ್ನು ಕಳಿಸಿ. ಆ ಕೇಂದ್ರಕ್ಕೆ ಅರಣ್ಯ ಇಲಾಖೆಯ ಅನುಮತಿ ಇದೆಯೇ, ಗೂಡಿನ ಶಾಖ ದಾಖಲಿಸುತ್ತಾರೆಯೇ ಎಂದು ಮೊದಲು ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯನ್ನು ಅನುಮತಿಯಿಲ್ಲದೆ ಮುಟ್ಟುವುದು ಅಪರಾಧ.

ಕಡಲಿಗೆ ಹೋಗಲು ಆಗದಿದ್ದರೆ ತುಂಗಭದ್ರೆಯಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ಈ ನದಿಯ ಲೀತ್ ಮೆದುಚಿಪ್ಪಿನ ಆಮೆ ಅಳಿವಿನ ತೀವ್ರ ಅಪಾಯದಲ್ಲಿದೆ. ಅದರ ಅಂತರರಾಷ್ಟ್ರೀಯ ಮಾರಾಟವನ್ನು 2022ರಲ್ಲಿ ನಿಷೇಧಿಸಿದರು. ಕಂಪ್ಲಿ, ಸಿರುಗುಪ್ಪದ ಹೊಳೆದಂಡೆಯಲ್ಲಿ ಆಮೆಯ ಮೊಟ್ಟೆ ಕಂಡರೆ ಅಗೆಯಬೇಡಿ, ಹೊರಳಿಸಬೇಡಿ, ಜಾಗ ಗುರುತು ಮಾಡಿ ಅರಣ್ಯ ಇಲಾಖೆಗೆ ತಿಳಿಸಿ.