ಪೈಲ್ವಾನನ ಮೊಣಕಾಲು

ಗರಡಿಮನೆ ಎಂದೊಡನೆ ಕಣ್ಣ ಮುಂದೆ ಬರುವುದು ಕೆಮ್ಮಣ್ಣು, ಗೋಡೆಯ ಹನುಮಂತ, ಮೂಲೆಗೆ ಒರಗಿಸಿಟ್ಟ ಗದೆ. ಇವುಗಳ ಜೊತೆಗೆ ಎಣ್ಣೆಯ ಬಟ್ಟಲೊಂದೂ ಉಂಟು. ಸಾಮು ಮುಗಿಸಿ ಕುಳಿತ ಹಿರಿಯ ಪೈಲ್ವಾನನ ತೊಡೆ, ತೋಳು, ಬೆನ್ನುಗಳನ್ನು ಕಿರಿಯನೊಬ್ಬ ತಿಕ್ಕುವುದು ಅಲ್ಲಿಯ ವಾಡಿಕೆ. ಇಂದು ದೊಡ್ಡ ಕುಸ್ತಿ ಶಿಬಿರಗಳಲ್ಲಿ ಈ ಬಟ್ಟಲಿನ ಪಕ್ಕಕ್ಕೆ ಫಿಸಿಯೋಥೆರಪಿಸ್ಟ್ ಎಂಬ ತಜ್ಞರು ಬಂದು ನಿಂತಿದ್ದಾರೆ. ಫಿಸಿಯೋಥೆರಪಿಯನ್ನು ಕೆಲವರು ಭೌತಚಿಕಿತ್ಸೆ ಎಂದು ಕನ್ನಡಿಸಿರುವರು. ಆ ಮಾತು ಕೇಳಿದರೆ ನನಗೆ ಶಾಲೆಯ ಪ್ರಯೋಗಶಾಲೆಯೇ ನೆನಪಾಗುತ್ತದೆ. ಆದುದರಿಂದ ಇಲ್ಲಿ ಮೂಲದ ಹೆಸರನ್ನೇ ಇಟ್ಟುಕೊಳ್ಳುತ್ತೇನೆ.

ಇವರು ಹೊಸ ಹೆಸರಿನ ಮಾಲೀಸಿನವರಷ್ಟೇ ಅಲ್ಲವೆ ಎಂದು ತಾವು ಕೇಳಬಹುದು. ಅಲ್ಲ. ಮಾಲೀಸು ಅವರ ಕೆಲಸದಲ್ಲಿ ಒಂದು ಸಣ್ಣ ಭಾಗ. ಯಾವ ಕೀಲು ಎಷ್ಟು ಭಾರ ತಾಳೀತು, ಯಾವ ಸ್ನಾಯು ಸೊರಗಿದೆ, ಅದನ್ನು ಯಾವ ಕ್ರಮದಲ್ಲಿ ಬಲಪಡಿಸಬೇಕು ಎಂಬುದನ್ನು ಅಳೆದು ನೋಡುವುದೇ ಅವರ ಮುಖ್ಯ ಕಾರ್ಯ. ಕ್ರಮವರಿತು ದೇಹವನ್ನು ಹದಗೊಳಿಸುವ ವಿಚಾರ ನಮ್ಮ ನಾಡಿಗೆ ಹೊಸದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಪ್ರಕರಣವಿದೆ. ಜಟ್ಟಿಗಳ ದರ್ಜೆ, ಆಹಾರ, ಭಾರ ಹೊರುವ ಶ್ರಮ, ನೀರಿನಲ್ಲಿ ಮಾಡುವ ಶ್ರಮ, ಕಂಬದ ಮೇಲಿನ ಶ್ರಮ, ಎಲ್ಲವೂ ಅಲ್ಲಿ ಬರುತ್ತವೆ. ಇಂದಿನ ಫಿಸಿಯೋಥೆರಪಿಯವರೂ ನೋಯುವ ಕೀಲಿನವರನ್ನು ನೀರಿಗಿಳಿಸುವುದುಂಟು. ನೀರು ಮೈಭಾರವನ್ನು ಹಗುರಮಾಡುತ್ತದೆ.

ಮಾಲೀಸಿನ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಬಹಳ ಬೇರೂರಿದೆ. ಸಾಮು ಮಾಡಿದ ಮರುದಿನದ ಮೈನೋವಿಗೆ ಲ್ಯಾಕ್ಟಿಕ್ ಆಮ್ಲ ಕಾರಣ, ತಿಕ್ಕಿದರೆ ಅದು ಹರಿದುಹೋಗುತ್ತದೆ ಎಂದು ಹೇಳುವವರು ಹಲವರು. ಆ ವಸ್ತು ಒಂದೆರಡು ಗಂಟೆಗಳೊಳಗೆ ರಕ್ತದಿಂದ ತಾನೇ ಇಳಿದುಹೋಗುತ್ತದೆ. ಎರಡನೆಯ, ಮೂರನೆಯ ದಿನದ ನೋವಿಗೆ ಕಾರಣ, ರೂಢಿಯಿಲ್ಲದ ಶ್ರಮದಿಂದ ಸ್ನಾಯುವಿನ ಎಳೆಗಳಲ್ಲಿ ಆಗುವ ಸೂಕ್ಷ್ಮವಾದ ಹರಿತ. ಮಾಲೀಸಿನಿಂದ ನೋವು ಸ್ವಲ್ಪ ಹಗುರವೆನಿಸುವುದು ನಿಜ. ಹರಿದದ್ದು ಕೂಡುವುದು ನಿದ್ರೆ, ಆಹಾರ, ಕಾಲ ಈ ಮೂರರಿಂದ.

ಮಾಲೀಸನ್ನು ಖಂಡಿತ ಮಾಡಬಾರದ ಸಂದರ್ಭವೂ ಒಂದುಂಟು. ರನ್ನನ ಗದಾಯುದ್ಧವನ್ನು ಓದಿದವರಿಗೆ ತೊಡೆಯ ಪೆಟ್ಟಿನ ಮಹತ್ವವನ್ನು ಹೇಳಬೇಕಾಗಿಲ್ಲ. ಎದುರಾಳಿಯ ಮೊಣಕಾಲು ತೊಡೆಗೆ ಬಲವಾಗಿ ಬಡಿದರೆ ಒಳಗೆ ರಕ್ತ ಒಸರುತ್ತದೆ. ಮನೆಯವರು ಒಡನೆ ಬಿಸಿ ಎಣ್ಣೆ ಹಚ್ಚಿ ಒತ್ತಿ ತಿಕ್ಕುತ್ತಾರೆ. ಪ್ರೀತಿಯಿಂದ ಮಾಡುವುದೇ, ಆದರೆ ಅದರಿಂದ ಒಳರಕ್ತಸ್ರಾವ ಹೆಚ್ಚುತ್ತದೆ. ಕೆಲವೊಮ್ಮೆ ಆ ಸ್ನಾಯುವಿನೊಳಗೇ ಎಲುಬು ಬೆಳೆಯುವುದೂ ಉಂಟು. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಕಟ್ಟು, ಮೊಣಕಾಲನ್ನು ಆದಷ್ಟು ಮಡಿಸಿಟ್ಟು ವಿಶ್ರಾಂತಿ, ಇಷ್ಟು ಸಾಕು. ಬಳಿಕ ವಾರಗಟ್ಟಲೆ ಮಲಗಿಸಿಡಲೂ ಬಾರದು. ನೋವಿನ ಮಿತಿಯೊಳಗೆ ಮೆಲ್ಲನೆ ಆಡಿಸಬೇಕು.

ಕುಸ್ತಿಯವರನ್ನು ಹೆಚ್ಚು ಕಾಡುವುದು ಮೊಣಕಾಲು. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ಮಾತ್ರ ತಿರುಗಿದರೆ ಕೀಲಿನೊಳಗಣ ಬಂಧಕವು ಹಗ್ಗದಂತೆ ಹರಿಯುತ್ತದೆ. ಹರಿಯಾಣದ ವಿನೇಶ್ ಫೋಗಟ್ ಅವರ ಕಥೆ ತಮಗೆ ತಿಳಿದಿರಬಹುದು. 2016ರ ರಿಯೋ ಒಲಿಂಪಿಕ್ಸಿನಲ್ಲಿ ಮೊಣಕಾಲು ತಿರುಚಿ ಅವರನ್ನು ಹೊತ್ತೊಯ್ಯಬೇಕಾಯಿತು. 2018ರ ಏಷ್ಯನ್ ಕ್ರೀಡೆಗಳಲ್ಲಿ ಅವರೇ ಚಿನ್ನ ಗೆದ್ದರು. 2023ರ ಆಗಸ್ಟಿನಲ್ಲಿ ಇನ್ನೊಂದು ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಯಿತು. ಒಂದು ವರ್ಷ ತುಂಬುವ ಮೊದಲೇ, 2024ರ ಆಗಸ್ಟ್ 6ರಂದು, ಪ್ಯಾರಿಸಿನಲ್ಲಿ ಮೂವರನ್ನು ಸೋಲಿಸಿ ಒಲಿಂಪಿಕ್ ಫೈನಲ್ ಮುಟ್ಟಿದರು. ಮರುದಿನ ನೂರು ಗ್ರಾಂ ತೂಕ ಹೆಚ್ಚಾಗಿ ಅನರ್ಹರಾದದ್ದು ಬೇರೆ ಮಾತು. ಮೊಣಕಾಲು ಮಾತ್ರ ಕೈಬಿಡಲಿಲ್ಲ.

ಇದನ್ನು ಕೇಳಿ ನಮ್ಮ ಊರಿನ ಹುಡುಗರು ಅವಸರಪಡಬಾರದು. ವಿನೇಶರು ಆರು ತಿಂಗಳೊಳಗೇ ಕಣಕ್ಕೆ ಮರಳಿದ್ದರು. ಆದರೆ ಅಂಥವರ ಸುತ್ತ ದಿನವೂ ತಜ್ಞರಿರುತ್ತಾರೆ. ಈ ಬಂಧಕದ ಶಸ್ತ್ರಚಿಕಿತ್ಸೆಯಾದವರ ಕುರಿತು 2016ರಲ್ಲಿ ನಾರ್ವೆ ಮತ್ತು ಅಮೆರಿಕದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಆಟಕ್ಕೆ ಮರಳುವುದನ್ನು ಒಂಬತ್ತು ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಇಳಿಯಿತೆಂದು ಅವರು ಕಂಡರು. ತಿಂಗಳೆಣಿಸಿದರೂ ಸಾಲದು. ಪೆಟ್ಟಾದ ಕಾಲಿನ ಬಲವನ್ನೂ ಒಂಟಿಕಾಲಿನ ಜಿಗಿತವನ್ನೂ ಇನ್ನೊಂದು ಕಾಲಿನೊಡನೆ ಹೋಲಿಸಿ ನೋಡಬೇಕು; ನೂರಕ್ಕೆ ತೊಂಬತ್ತರಷ್ಟಾದರೂ ಬರಬೇಕೆಂಬುದು ರೂಢಿಯ ಅಳತೆ. ಬಜರಂಗ್ ಪುನಿಯಾ 2021ರಲ್ಲಿ ಟೋಕಿಯೋದ ಕಂಚಿನ ಪಂದ್ಯದಲ್ಲಿ ನೋಯುವ ಮೊಣಕಾಲಿನ ಕಟ್ಟನ್ನು ಕಳಚಿಟ್ಟು ಸೆಣಸಿ ಗೆದ್ದರು. ಚಪ್ಪಾಳೆ ತಟ್ಟೋಣ, ಅನುಕರಿಸುವುದು ಬೇಡ.

ಪೆಟ್ಟು ಬೀಳುವ ಮೊದಲಿನ ಕೆಲಸವನ್ನು ಯಾರೂ ಹೊಗಳುವುದಿಲ್ಲ, ಆದರೂ ಅದೇ ಹೆಚ್ಚಿನದು. ಸೇತುವೆಯಂತೆ ಬಾಗಿ ಎದುರಾಳಿಯನ್ನು ಎತ್ತಿ ಒಗೆಯುವವನಿಗೆ ಕುತ್ತಿಗೆಯ ಬಲ ಬೇಕು. ಅದನ್ನು ಮೊದಲು ಸ್ವಂತ ಕೈಯ ಒತ್ತಡದಿಂದ, ಬಳಿಕ ಹೆಚ್ಚಿನ ಭಾರದಿಂದ ಬೆಳೆಸುತ್ತಾರೆ. ಹೆಗಲು, ತೊಡೆಯ ಹಿಂಭಾಗ, ಪಾದದ ಕೀಲುಗಳಿಗೂ ಹಾಗೆಯೇ. ಕಿವಿ ಉಬ್ಬಿದರೆ ಅದನ್ನು ಪೈಲ್ವಾನನ ಮುದ್ರೆಯೆಂದು ಹೆಮ್ಮೆಪಡುವವರಿದ್ದಾರೆ. ಅದು ಕಿವಿಯ ಮೃದ್ವಸ್ಥಿಯ ಮೇಲೆ ನಿಂತ ರಕ್ತ. ಒಂದೆರಡು ದಿನಗಳೊಳಗೆ ವೈದ್ಯರಿಂದ ತೆಗೆಸದಿದ್ದರೆ ಗಂಟುಕಟ್ಟಿ ಉಳಿಯುತ್ತದೆ.

ತಲೆಗೆ ಪೆಟ್ಟು ಬಿದ್ದು ಹುಡುಗ ಮಂಕಾದರೆ, ಕೇಳಿದ್ದನ್ನೇ ಮತ್ತೆ ಕೇಳಿದರೆ, ಆ ದಿನ ಮತ್ತೆ ಕಣಕ್ಕಿಳಿಯಬಾರದು. ಎಷ್ಟೇ ದೊಡ್ಡ ಜಾತ್ರೆಯ ಕುಸ್ತಿಯಾದರೂ ಸರಿಯೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಎಬ್ಬಿಸಿದರೂ ಏಳದ ತೂಕಡಿಕೆ ಕಂಡರೆ ರಾತ್ರಿಯೆಂದು ನೋಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೀಲು ಜಾರಿದ್ದರೆ ಎಳೆದು ಕೂರಿಸುವೆನೆಂದು ಬರುವ ನೆರೆಯವರಿಗೆ ವಂದಿಸಿ ಕಳಿಸಿಕೊಡಿ. ಎಲುಬು ಮುರಿದಿದೆಯೋ ಇಲ್ಲವೋ ಎಂಬುದು ಮೊದಲು ಎಕ್ಸ್-ರೇಯಲ್ಲಿ ಗೊತ್ತಾಗಲಿ.