ಒಂಬತ್ತು ಗುಂಟೆಯ ಚುಕ್ಕಿ

ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ 705 ಕಿಲೋಮೀಟರ್ ಎತ್ತರದಿಂದ ಭೂಮಿಯ ಚಿತ್ರ ತೆಗೆಯುತ್ತದೆ. ಆ ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಒಂಬತ್ತು ಗುಂಟೆ. 30×40ರ ಎಂಟು ಸೈಟುಗಳು, ಅವುಗಳ ಮನೆ, ಕಾಂಪೌಂಡು, ನೀರಿನ ಟ್ಯಾಂಕು, ಹಿತ್ತಲಿನ ನುಗ್ಗೆಮರ ಎಲ್ಲ ಸೇರಿ ಒಂದೇ ಬಣ್ಣದ ಒಂದು ಚುಕ್ಕಿ!

ಈಗ 120 ಮೀಟರ್ ಎತ್ತರದಲ್ಲಿ ಡ್ರೋನ್ ಹಾರಿಸಿ. ಸರ್ವೆಗೆ ಬಳಸುವ ಸಾಧಾರಣ ಕ್ಯಾಮೆರಾದಲ್ಲೂ ಒಂದು ಚುಕ್ಕಿ ಸುಮಾರು 3 ಸೆಂಟಿಮೀಟರಿಗೆ ಇಳಿಯುತ್ತದೆ. 30 ಮೀಟರಿನಲ್ಲಿ ಅಂಥ ತುಂಡುಗಳು ಸಾವಿರ. ಸಾವಿರ ಸಾವಿರಲೆ ಹತ್ತು ಲಕ್ಷ. ಅಂದರೆ ಉಪಗ್ರಹ ಒಂದು ಚುಕ್ಕಿ ಇಟ್ಟ ಜಾಗದಲ್ಲಿ ಡ್ರೋನ್ ಹತ್ತು ಲಕ್ಷ ಇಡುತ್ತದೆ. ಲ್ಯಾಂಡ್‌ಸ್ಯಾಟ್‌ಗೆ ಇಡೀ ಕರ್ನಾಟಕ 21 ಕೋಟಿ ಚುಕ್ಕಿ. ಅಷ್ಟನ್ನೂ ಡ್ರೋನ್ 47 ಎಕರೆ ಅಡಿಕೆ ತೋಟಕ್ಕೇ ಖರ್ಚು ಮಾಡಿಬಿಡುತ್ತದೆ.

ಇನ್ನೊಂದು ಅನುಕೂಲ ಮೋಡದ್ದು. ಒಂದು ಲ್ಯಾಂಡ್‌ಸ್ಯಾಟ್ ಅದೇ ಜಾಗದ ಮೇಲೆ ಮರಳಿ ಬರುವುದು 16 ದಿನಕ್ಕೆ. ಆಷಾಢದ ಮೋಡ ಕವಿದಿದ್ದರೆ ಆ ಸರದಿಯೂ ದಂಡ. ಡ್ರೋನ್ ಮೋಡದ ಕೆಳಗೇ ಹಾರುತ್ತದೆ. ಮಳೆ ನಿಂತರೆ ಸಾಕು. ಅಕ್ಕಪಕ್ಕದ ಫೋಟೊಗಳು ಒಂದರ ಮೇಲೊಂದು ಬರುವಂತೆ ತೆಗೆಯುವುದರಿಂದ ಗೋಡೆಯ ಎತ್ತರ, ಗುಂಡಿಯ ಆಳವೂ ಸಿಗುತ್ತದೆ.

ಇದರಿಂದ ಯಾರಿಗೆ ಲಾಭ? ಹೊಲಕ್ಕೆ ಪಹಣಿ ಇತ್ತು. ಗ್ರಾಮಠಾಣದೊಳಗಿನ ಮನೆಗಳಿಗೆ ಬಹುತೇಕ ಅಳತೆಯ ನಕ್ಷೆಯೇ ಇರಲಿಲ್ಲ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಸರ್ವೆ ಆಫ್ ಇಂಡಿಯಾ ಈ ಮನೆಗಳ ಮೇಲೆ ಡ್ರೋನ್ ಹಾರಿಸಿತು. 2025ರ ಜನವರಿಯ ಹೊತ್ತಿಗೆ 3.17 ಲಕ್ಷಕ್ಕೂ ಹೆಚ್ಚು ಹಳ್ಳಿಗಳ ಹಾರಾಟ ಮುಗಿದಿತ್ತು. ಇಷ್ಟು ದೊಡ್ಡ ಕೆಲಸದ ಮೊದಲ ಹೆಜ್ಜೆ ಮಾತ್ರ ತೀರ ಹಳೆಯದು: ಮನೆಯವರೆದುರು ಗಡಿಯ ಉದ್ದಕ್ಕೂ ಸುಣ್ಣದ ಪುಡಿ ಹಾಕುವುದು. ಆ ಬಿಳಿ ಗೆರೆ ಆಕಾಶದ ಕ್ಯಾಮೆರಾಗೆ ಸ್ಪಷ್ಟವಾಗಿ ಕಾಣುತ್ತದೆ.

ಹಾಗೆಂದು ಉಪಗ್ರಹಗಳಿಗೆ ರಜೆ ಕೊಡುವಂತಿಲ್ಲ. ಒಂದು ಬ್ಯಾಟರಿಗೆ ಅರ್ಧ ಗಂಟೆ ಹಾರುವ ಯಂತ್ರದಿಂದ ರಾಜ್ಯವನ್ನೆಲ್ಲ ಅಳೆಯಹೊರಟರೆ 213 ಲಕ್ಷ ಕೋಟಿ ಚುಕ್ಕಿಗಳ ರಾಶಿ ಬೀಳುತ್ತದೆ. ಅದನ್ನು ಕೂತು ನೋಡುವವರು ಯಾರು? ಕಾಡು, ಬರ, ಜಲಾಶಯಗಳಿಗೆ ಒಂಬತ್ತು ಗುಂಟೆಯ ಚುಕ್ಕಿಯೇ ಸಾಕು. ಒಂದು ಅಡಿ ಜಾಗಕ್ಕೆ ಎರಡು ತಲೆಮಾರು ಜಗಳವಾಡಿದ ಹಿತ್ತಲಿಗೆ ಸಾಲದು.

ಆದರೆ ಗಡಿ ಯಾವುದೆಂದು ಡ್ರೋನ್ ತೀರ್ಮಾನಿಸುವುದಿಲ್ಲ. ಸುಣ್ಣ ಬಿದ್ದ ಗೆರೆಯನ್ನಷ್ಟೇ ಹಿಡಿಯುತ್ತದೆ. ನಿಮ್ಮೂರಿನ ಸರದಿ ಬಂದ ದಿನ ಸುಣ್ಣ ಹಾಕುವಾಗ ನೀವೇ ಎದುರಿಗೆ ನಿಂತಿರಿ, ಪಕ್ಕದ ಮನೆಯವರನ್ನೂ ಕರೆಯಿರಿ.